ಮಾವ ಯಾಕೆ ಹೌದು ಅಂದರು

ಆಬರ್ನ್ ಹಿಲ್ಸ್, ಮಿಶಿಗನ್
ನವೆಂಬರ್ ೯, ೨೦೨೫, ಭಾನುವಾರ

ಪ್ರೀತಿಯ ಆಶ್ರಿತಾ,

ನೀನೂ ನಿನ್ನ ಮಗ್ಗುಲಲ್ಲಿರುವ ಪುಟ್ಟ ಅಖಿಲನೂ ಬೆಚ್ಚಗೆ ಇದ್ದೀರಿ ಎಂದುಕೊಂಡು ಈ ಕಾಗದ ಶುರು ಮಾಡಿದ್ದೇನೆ. ಇಲ್ಲಿ ಆಗಲೇ ಚಳಿ ಹಿಡಿದಿದೆ. ನೇಪರ್‌ವಿಲ್‌ನಲ್ಲಿ ನಮಗಿಂತ ಗಾಳಿ ಹೆಚ್ಚು. ಮಗುವಿನ ಕಿವಿ ಮುಚ್ಚುವಂತೆ ಟೊಪ್ಪಿಗೆ ಹಾಕು, ನಿನ್ನ ಕಿವಿಗೂ ಹತ್ತಿ ಇಟ್ಟುಕೋ. ಡಾಕ್ಟರು ನಕ್ಕರೆ ನಗಲಿ. ಓಮಿನ ನೀರು ಬಿಡಬೇಡ. ಮೂರು ತಿಂಗಳು ನಿನ್ನ ಬಾಣಂತನ ಮಾಡುತ್ತೇನೆಂದು ಪೆಟ್ಟಿಗೆ ತುಂಬಿಕೊಂಡು ಬಂದವಳು ನಾಮಕರಣದ ಮರುದಿನವೇ ಹೊರಟುಬಿಟ್ಟೆ. ಮೈಸೂರಿನಿಂದ ನಿನ್ನ ಅಮ್ಮ ಬರುವವರೆಗೆ ನೀನು ಒಬ್ಬಳೇ ಎದ್ದು ಬಿಸಿನೀರು ಕಾಯಿಸಿಕೊಂಡೆ ಎಂಬುದು ನೆನಪಾದರೆ ನನಗೆ ಊಟ ಸೇರುವುದಿಲ್ಲ.

ಗುರುವಾರ ಫೋನಿನಲ್ಲಿ ನೀನು ಕೇಳಿದೆ, "ಅತ್ತೆ, ಹರಿ ಅಷ್ಟು ಮಾತಾಡಿದ್ರೂ ಮಾವ ಯಾಕೆ ಹೌದು ಅಂದ್ಬಿಟ್ರು?" ಎಂದು. ಆಮೇಲೆ ಹೇಳುತ್ತೇನೆ ಎಂದು ಮಾತು ಹಾರಿಸಿದೆ. ನಿನ್ನ ಮಾವ ಎದುರಿಗೇ ಸೋಫಾದಲ್ಲಿ ಕೂತಿದ್ದರು. ನಿನ್ನ ಕಡೆ ಹರಿ ಒಳಗೆ ಬಂದ ಸದ್ದೂ ಕೇಳಿಸಿತು. ಈ ವಿಷಯ ಅಪ್ಪ ಮಗ ಇಬ್ಬರ ಮುಂದೆಯೂ ಆಡುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಧಾರವಾಡದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದ ಕೈ ಇದು. ಇಷ್ಟುದ್ದ ಬರೆದು ಎಷ್ಟೋ ಕಾಲವಾಯಿತು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಮೊದಲು ನಾಮಕರಣದ ದಿನದ ಮಾತು. ನೀನು ತೊಟ್ಟಿಲ ಶಾಸ್ತ್ರ ಮುಗಿಸಿ ಮೇಲೆ ಹೋಗಿ ಒರಗಿದ್ದೆ. ಗಲಾಟೆ ಕೇಳಿ ಕೆಳಗೆ ಬರುವಾಗ ಕೊನೆಯದಷ್ಟೇ ನಿನ್ನ ಕಣ್ಣಿಗೆ ಬಿತ್ತು. ಮಾವನನ್ನೂ ಕರೆಯಲೇಬೇಕು ಎಂದು ಹರಿಯ ಹತ್ತಿರ ಹಟ ಹಿಡಿದವಳು ನೀನು. ಮಗು ಹುಟ್ಟಿದಾಗ ಅವರು ನನ್ನನ್ನು ನಿಮ್ಮ ಮನೆಯ ಮುಂದೆ ಇಳಿಸಿ ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ ಉಳಿದಿದ್ದರು. ಅಲ್ಲಿಂದ ಫೋನು ಮಾಡಿ, ಮಗು ಎಷ್ಟು ಪೌಂಡು, ಕೂದಲು ಇದೆಯಾ, ಅಳುತ್ತದಾ ಎಂದು ಒಂದೊಂದಾಗಿ ಕೇಳಿದರು. ಫೋಟೋ ಕಳಿಸಲೇ ಎಂದರೆ ಬೇಡ ಅಂದರು, ಕರೆದಾಗ ಕಣ್ಣಾರೆ ನೋಡುತ್ತೇನೆ ಎಂದು. ನಾಮಕರಣದ ಕರೆಯನ್ನು ನಾನು ಮೋಟೆಲಿಗೆ ಹೋಗಿ ಹೇಳಿದಾಗ ಸೊರಗಿದ ಆ ಮುಖದಲ್ಲಿ ಮೂಡಿದ ಗೆಲುವನ್ನು ನೀನು ನೋಡಬೇಕಿತ್ತು. ಪೆಟ್ಟಿಗೆಯ ತಳದಿಂದ ಹಳೆಯ ರೇಷ್ಮೆ ಧೋತರ ತೆಗೆದು ತಾವೇ ಇಸ್ತ್ರಿ ಮಾಡಿಕೊಂಡರು.

ಮಗುವನ್ನು ಅವರ ತೊಡೆಯ ಮೇಲೆ ಇಟ್ಟವಳು ನಾನೇ. ಅಖಿಲ ಅವರ ಹೆಬ್ಬೆರಳು ಹಿಡಿದುಕೊಂಡ. ಅವರು ಅಲುಗದೆ ಕೂತಿದ್ದರು, ಉಸಿರು ಜೋರಾಗಿ ಬಿಟ್ಟರೆ ಎಲ್ಲಿ ಬೆರಳು ಬಿಟ್ಟುಬಿಡುತ್ತದೋ ಎಂಬಂತೆ. ಅಷ್ಟರಲ್ಲಿ ಡಾಕ್ಟರ್ ರಾಚಯ್ಯನವರು ಹೋಳಿಗೆಯ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತರು. ಡೆಟ್ರಾಯಿಟ್‌ನಲ್ಲಿ ನಮಗೆ ನಲವತ್ತು ವರ್ಷದ ಸ್ನೇಹಿತರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಬಾಯಿಗೆ ಬೀಗವೂ ಇಲ್ಲ. ಇನ್ನು ಮುಂದೆ ಗಂಡುಮಕ್ಕಳ ಹೆಸರು ಹದಿನೆಂಟು ತುಂಬಿದ ಕೂಡಲೇ ತಾನಾಗಿಯೇ ಡ್ರಾಫ್ಟಿನ, ಅಂದರೆ ಕಡ್ಡಾಯ ಸೈನ್ಯದ, ಪಟ್ಟಿಗೆ ಸೇರುವಂತೆ ಮಾಡುತ್ತಾರಂತೆ, ವಾಷಿಂಗ್ಟನ್ನಿನಲ್ಲಿ ಮಾತು ನಡೆದಿದೆಯಂತೆ ಎಂದರು. ಆಮೇಲೆ ನಿನ್ನ ಮಾವನ ಕಡೆ ತಿರುಗಿ ನಗುತ್ತಾ, "ನೀವು ಕೇಳಿದ್ದು ಮೊಮ್ಮಗನ ಕಾಲಕ್ಕ ಬರ್ತದ ನೋಡ್ರಿ, ರಘೋತ್ತಮ" ಅಂದರು.

ಹರಿ ಅಡುಗೆಮನೆಯ ಬಾಗಿಲಲ್ಲಿದ್ದ. ಕೈಯಲ್ಲಿದ್ದ ನೀರಿನ ಜಗ್ಗನ್ನು ಮೇಜಿನ ಮೇಲಿಟ್ಟು ಬಂದು, ಅಪ್ಪನ ತೊಡೆಯಿಂದ ಮಗುವನ್ನು ಎತ್ತಿಕೊಂಡ. ಬೆರಳು ಬಿಡಿಸುವಾಗ ಮಗು ಅತ್ತಿತು. ಆ ಹೊತ್ತಿಗೆ ನೀನು ಮೆಟ್ಟಿಲ ಮೇಲಿದ್ದೆ.

"ಒಬ್ಬನ್ನ ಕಳಿಸಿದ್ದು ಸಾಕು. ದಿಸ್ ಒನ್ ಯು ಡೋಂಟ್ ಗೆಟ್," ಎಂದ ಹರಿ. "ಸಾಕೇತನ್ನ ನೀವೇ ಕಳಿಸಿದ್ದು. ಇಷ್ಟು ಜನರ ಮುಂದೆ ಒಂದ್ಸಲ ಹೇಳಿ."

ನಿನ್ನ ಮಾವ ತಲೆ ಎತ್ತಿದರು. "ಹೌದಪ್ಪಾ. ನಾನ ಕಳಿಸಿದೆ," ಎಂದರು.

ಆಮೇಲೆ ಯಾರೂ ಊಟ ಮಾಡಲಿಲ್ಲ. ನೀನೂ ನೋಡಿದೆಯಲ್ಲ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನಮ್ಮ ಹಿರಿಯ ಮಗ ಸಾಕೇತ ಸೈನ್ಯದಲ್ಲಿದ್ದ, ಇರಾಕಿನಲ್ಲಿ ತೀರಿಕೊಂಡ ಎಂದಷ್ಟೇ ನಿನಗೆ ಗೊತ್ತು. ನಮ್ಮ ಹಾಲ್‌ನಲ್ಲಿರುವ ಫೋಟೋಕ್ಕೆ ನೀನು ಬಂದಾಗಲೆಲ್ಲ ಹೂವಿಟ್ಟಿದ್ದೀಯ, ಏನೂ ಕೇಳಿಲ್ಲ. ಮದುವೆಯಾಗಿ ನಾಲ್ಕು ವರ್ಷ ಹರಿಯೂ ಅವನ ಅಪ್ಪನೂ ಒಂದೇ ಕೋಣೆಯಲ್ಲಿ ಕೂತು ಹವಾಮಾನ ಬಿಟ್ಟು ಬೇರೆ ಮಾತಾಡದ್ದನ್ನು ನೋಡಿ, ಇಲ್ಲಿ ಹುಟ್ಟಿದ ಮಕ್ಕಳು ಹೀಗೇ ಇರಬೇಕು ಎಂದುಕೊಂಡಿದ್ದೆ ಎಂದು ನೀನೇ ಒಮ್ಮೆ ನನ್ನ ಹತ್ತಿರ ಹೇಳಿದ್ದೆ. ಹರಿ ಹಾಗಿರಲಿಲ್ಲ ಕಣೇ. ಅಪ್ಪನ ಬೆನ್ನ ಮೇಲೆಯೇ ಬೆಳೆದ ಹುಡುಗ ಅವನು.

ಎಲ್ಲಾ ಶುರುವಾಗಿದ್ದು ನಾನು ಈ ದೇಶಕ್ಕೆ ಬರುವುದಕ್ಕೂ ಮುಂಚೆ. ನಿನ್ನ ಮಾವ ಧಾರವಾಡದಿಂದ ಇಲ್ಲಿಗೆ ಬಂದದ್ದು ೧೯೬೮ರಲ್ಲಿ. ಡೆಟ್ರಾಯಿಟ್ಟಿನ ಒಂದು ಕಾರ್ಖಾನೆಯಲ್ಲಿ ಹೊಸ ಇಂಜಿನಿಯರು, ಕೈಯಲ್ಲಿ ಗ್ರೀನ್ ಕಾರ್ಡು. ಆಗ ವಿಯೆಟ್ನಾಂ ಯುದ್ಧ, ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುತ್ತಿದ್ದರು. ಅದಕ್ಕೇ ಡ್ರಾಫ್ಟ್ ಅನ್ನುವುದು. ಗ್ರೀನ್ ಕಾರ್ಡಿನವರಿಗೂ ಅದು ತಪ್ಪುತ್ತಿರಲಿಲ್ಲ ಎಂದು ನಮ್ಮ ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ. ಅವರ ವಿಭಾಗದಲ್ಲಿ ಕ್ಲಾರೆನ್ಸ್ ಎಂಬ ಕರಿಯ ಹುಡುಗ ಕೆಲಸ ಮಾಡುತ್ತಿದ್ದ. ಇವರಿಗೆ ಹಿಮದಲ್ಲಿ ಕಾರು ಓಡಿಸಲು ಕಲಿಸಿದವನು, ಭಾನುವಾರ ತನ್ನ ತಾಯಿಯ ಮನೆಗೆ ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದವನು. ಅವನಿಗೆ ಕರೆ ಬಂತು. ಸ್ವಲ್ಪ ದಿನಕ್ಕೆ ಇವರಿಗೂ ಬಂತು.

ಇವರಿಗೆ ತಪ್ಪಿಸಿಕೊಳ್ಳುವ ದಾರಿಗಳಿದ್ದವು. ಸೇತುವೆ ದಾಟಿದರೆ ಆಚೆ ಕೆನಡಾದ ವಿಂಡ್ಸರ್. ರೂಮಿನ ಗೆಳೆಯರು ಕಾರು ತಯಾರು ಮಾಡಿಕೊಂಡು ನಿಂತಿದ್ದರಂತೆ. ಅವರ ತಂದೆ ಎಲ್ಲಾ ಬಿಟ್ಟು ಊರಿಗೆ ಬಾ ಎಂದು ತಂತಿ ಕಳಿಸಿದ್ದರು. ಇವರು ಹೋಗಲಿಲ್ಲ. ಯಾಕೆ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಕ್ಲಾರೆನ್ಸ್‌ಗೆ ಓಡಿ ಹೋಗಲಿಕ್ಕೆ ಧಾರವಾಡ ಇರಲಿಲ್ಲ," ಎಂದಿದ್ದರು. ಅಷ್ಟೇ ಉತ್ತರ. ವಿಯೆಟ್ನಾಮಿನಲ್ಲಿ ಅವರಿಗೆ ಲಾರಿ ರಿಪೇರಿ ಮಾಡುವ ಕೆಲಸ ಕೊಟ್ಟಿದ್ದರಂತೆ. ಯಾವ ಲಾರಿಯಲ್ಲಿ ಏನು ತುಂಬಿ ಬರುತ್ತಿತ್ತು ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೆದಕಲಿಲ್ಲ. ತಿರುಗಿ ಬಂದ ಮೇಲೆ ಕ್ಲಾರೆನ್ಸನನ್ನು ಹುಡುಕಿದರು. ಅವನ ತಾಯಿ ಮನೆ ಬಿಟ್ಟು ಹೋಗಿದ್ದಳು. ಅವನು ಏನಾದ ಎಂದು ಕೊನೆಗೂ ತಿಳಿಯಲಿಲ್ಲ.

ಈ ಒಂದು ಗಂಟನ್ನು ಅವರು ಜೀವಮಾನವಿಡೀ ಬಿಚ್ಚುತ್ತಲೇ ಇದ್ದರು. ವಾರಾಂತ್ಯಕ್ಕೆ ನಾವೆಲ್ಲ ರಾಚಯ್ಯನವರ ಮನೆಯಲ್ಲಿ ಸೇರುತ್ತಿದ್ದೆವು. ಹೆಂಗಸರು ಮೇಲೆ, ಗಂಡಸರು ಬೇಸ್‌ಮೆಂಟಿನಲ್ಲಿ. ಯಾವ ಮಾತು ಎತ್ತಿದರೂ ನಿನ್ನ ಮಾವ ಅದನ್ನು ಡ್ರಾಫ್ಟಿಗೆ ತಂದು ನಿಲ್ಲಿಸುತ್ತಿದ್ದರು. ಡ್ರಾಫ್ಟ್ ತೆಗೆದದ್ದೇ ತಪ್ಪು, ಈಗ ಬಡವರ ಮಕ್ಕಳು ಮಾತ್ರ ಸೈನ್ಯಕ್ಕೆ ಸೇರುತ್ತಾರೆ, ಉಳಿದವರು ಟಿವಿಯಲ್ಲಿ ಯುದ್ಧ ನೋಡುತ್ತಾರೆ ಎನ್ನುವುದು ಅವರ ವಾದ. ಕಾಲೇಜಿನವನೆಂದು, ಡಾಕ್ಟರ ಮಗನೆಂದು ಯಾರಿಗೂ ವಿನಾಯಿತಿ ಕೊಡದೆ ಎಲ್ಲರ ಮಕ್ಕಳ ಹೆಸರನ್ನೂ ಒಂದೇ ಡಬ್ಬಿಗೆ ಹಾಕಬೇಕು, ಆಗ ನೋಡೋಣ ಯಾರು ಯುದ್ಧ ಬೇಕು ಅನ್ನುತ್ತಾರೆ ಎಂದು ಕೂಗುತ್ತಿದ್ದರು. ಉಳಿದವರು ರೇಗಿಸುತ್ತಿದ್ದರು. ಅವರು ಕೇಳುತ್ತಿದ್ದದ್ದು ಯುದ್ಧ ನಿಲ್ಲಿಸುವ ಉಪಾಯವನ್ನು. ಹೊರಗಿನವರ ಕಿವಿಗೆ ಅದು ಸೈನ್ಯಕ್ಕೆ ಹುಡುಗರನ್ನು ಕೇಳಿದ ಹಾಗೆ ಕೇಳಿಸುತ್ತಿತ್ತು.

೨೦೦೩ರ ವಸಂತದಲ್ಲಿ ಇರಾಕ್ ಯುದ್ಧ ಶುರುವಾದಾಗ ಆ ಬೇಸ್‌ಮೆಂಟಿನಲ್ಲಿ ದೊಡ್ಡ ಜಗಳವಾಯಿತು. ಸಾಕೇತ ಆಗ ಆನ್ ಆರ್ಬರ್‌ನಲ್ಲಿ ಓದುತ್ತಿದ್ದ, ಊಟಕ್ಕೆಂದು ಬಂದಿದ್ದ. ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡ. ಮನೆಗೆ ಹೋಗುವಾಗ ಕಾರಿನಲ್ಲಿ ಅಪ್ಪನನ್ನು ಕೇಳಿದ, ಈಗ ಡ್ರಾಫ್ಟ್ ಇದ್ದಿದ್ದರೆ ನನ್ನನ್ನು ಕಳಿಸುತ್ತಿದ್ದೆಯಾ ಎಂದು.

ಜಗಳದ ಕಾವು ಇವರಿಗೆ ಇನ್ನೂ ಆರಿರಲಿಲ್ಲ. "ಎಲ್ಲಾರ ಮಕ್ಕಳು ಹೋಗೋದಾದ್ರ ನೀನೂ ಹೋಗಬೇಕಾಗ್ತದ," ಎಂದುಬಿಟ್ಟರು.

ಹಿಂದಿನ ಸೀಟಿನಲ್ಲಿ ಅಣ್ಣನ ಪಕ್ಕ ಹರಿ ಇದ್ದ. ಹದಿನೈದು ವರ್ಷ. ಅವನ ಹತ್ತಿರ ಇರುವುದು ಆ ಒಂದು ಮಾತು. ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾನೆ.

ಆ ವರ್ಷ ದೀಪಾವಳಿಗೆ ಬಂದವನು ಸಾಕೇತ, ಎಣ್ಣೆಸ್ನಾನ ಮುಗಿಸಿ ಟವೆಲು ತಲೆಗೆ ಸುತ್ತಿಕೊಂಡೇ, ಕಾಲೇಜು ಬಿಟ್ಟು ಸೈನ್ಯಕ್ಕೆ ಸೇರಲು ಸಹಿ ಹಾಕಿ ಬಂದಿದ್ದೇನೆ ಎಂದ. ನಾನು ಚಕ್ಕುಲಿ ಕರಿಯುತ್ತಿದ್ದೆ. ಏನಂದೆನೋ ನೆನಪಿಲ್ಲ. ನಿನ್ನ ಮಾವ ಎದ್ದು ಹೊರಗೆ ಹೋದರು. ಹರಿ ಅದನ್ನೂ ನೋಡಿದ. ಅಪ್ಪ ಬೇಡ ಅನ್ನಲಿಲ್ಲ ಎಂದು ಲೆಕ್ಕ ಇಟ್ಟುಕೊಂಡ.

ಬೇಡ ಅಂದದ್ದು ಹರಿಯ ಬೆನ್ನ ಹಿಂದೆ. ಸಹಿ ಹಾಕಿದರೂ ಹೊರಡುವ ದಿನದವರೆಗೆ ಮನಸ್ಸು ಬದಲಾಯಿಸಬಹುದು, ಯಾರೂ ಎಳೆದೊಯ್ಯುವುದಿಲ್ಲ ಎಂದು ಇವರು ಎಲ್ಲೆಲ್ಲೋ ವಿಚಾರಿಸಿ ತಿಳಿದುಕೊಂಡರು. ಅಂದಿನಿಂದ ಸಾಕೇತನ ಹಿಂದೆ ಬಿದ್ದರು. ಆನ್ ಆರ್ಬರ್‌ಗೆ ಹೋಗಿ ಅವನ ರೂಮಿನ ಮುಂದೆ ಕಾರಿನಲ್ಲಿ ಕಾಯುತ್ತಿದ್ದರು. ಊಟ ಕೊಡಿಸುವ ನೆಪದಲ್ಲಿ ಕರೆದೊಯ್ದು ಮಾತಾಡುತ್ತಿದ್ದರು. ಮನೆಗೆ ಬಂದು ನನ್ನ ಹತ್ತಿರ, ಇವತ್ತು ಸ್ವಲ್ಪ ಮೆತ್ತಗಾದ ಹಾಗೆ ಕಂಡ ಎನ್ನುತ್ತಿದ್ದರು. ನಾನೂ ಅತ್ತುಕರೆದೆ, ಉಪವಾಸ ಮಾಡಿದೆ, ರಾಯರಿಗೆ ಹರಕೆ ಹೊತ್ತೆ. ಸಾಕೇತ ಇಬ್ಬರನ್ನೂ ಸಮಾಧಾನ ಮಾಡುತ್ತಿದ್ದ, ನಾವೇ ಎಲ್ಲಿಗೋ ಹೊರಟವರ ಹಾಗೆ.

ಕೊನೆಯ ದಿನಗಳಲ್ಲಿ ಒಂದು ಶನಿವಾರ ಬೆಳಿಗ್ಗೆ. ಹರಿ ಈಜು ಸ್ಪರ್ಧೆಗೆ ಸ್ಕೂಲಿನವರ ಜೊತೆ ಹೋಗಿದ್ದ. ಸಾಕೇತ ಗರಾಜಿನಲ್ಲಿ ನನ್ನ ಕಾರಿನ ಎಣ್ಣೆ ಬದಲಾಯಿಸುತ್ತಿದ್ದ. ತಾನು ಹೋದ ಮೇಲೆ ಅಮ್ಮನಿಗೆ ತೊಂದರೆಯಾಗಬಾರದಂತೆ. ನಿನ್ನ ಮಾವ ಅಲ್ಲಿಗೆ ಹೋದರು. ನಾನು ಅಡುಗೆಮನೆಯಿಂದ ಗರಾಜಿಗೆ ಇಳಿಯುವ ಬಾಗಿಲಲ್ಲಿ ನಿಂತೆ.

"ಯಾರೂ ಕರದಿಲ್ಲಲ್ಲೋ ನಿನ್ನ," ಎಂದರು ಇವರು. "ಡ್ರಾಫ್ಟ್ ಇಲ್ಲ, ಏನಿಲ್ಲ. ಯಾಕ ಹೋಗ್ತಿ?"

"ಅದನ್ನ ಅಲ್ಲಪ್ಪಾ ನೀ ಹೇಳ್ತಿದ್ದದ್ದು? ಯಾರೂ ಕರಿಯೂದಿಲ್ಲ ಅಂತ ನಮ್ಮಂಥವರು ಹೋಗೂದಿಲ್ಲ. ಪಾಂಟಿಯಾಕ್‌ನಿಂದ ಬಡವರ ಹುಡುಗರು ನಮ್ಮ ಸ್ಕೂಲಿಗೆ ಬರ್ತಿದ್ರಲ್ಲ, ಅವರು ಹೋಗ್ಯಾರ. ನನ್ನ ಫ್ರೆಂಡ್ಸ್ ಒಬ್ಬರೂ ಹೋಗಿಲ್ಲ. ಯು ವರ್ ರೈಟ್, ಅಪ್ಪಾ."

"ನಾ ಹೇಳಿದ್ದು ತಪ್ಪು. ಎಲ್ಲಾ ತಪ್ಪು. ಅದು ಬಾಯಿ ಮಾತು, ಹುಚ್ಚರ ಮಾತು. ಮರತಬಿಡು."

ಸಾಕೇತ ಕೈ ಒರೆಸಿಕೊಳ್ಳುತ್ತಾ ಮೃದುವಾಗಿ ಹೇಳಿದ. "ತಪ್ಪಲ್ಲಪ್ಪಾ. ನಿನಗ ಅಂಜಿಕಿ ಆಗ್ಯದ, ಅಷ್ಟ."

ಆಗ ನಿನ್ನ ಮಾವ ಮಗನ ಕಾಲಿಗೆ ಬಿದ್ದರು. ಆಶ್ರಿತಾ, ಅವರು ಎಂಥ ಮನುಷ್ಯ ಎಂದು ನಿನಗೆ ಗೊತ್ತು. ಗುರುಗಳ ಮುಂದೆ ಬಿಟ್ಟರೆ ಯಾರ ಮುಂದೆಯೂ ಬಗ್ಗಿದವರಲ್ಲ. ಹೆತ್ತ ಅಪ್ಪ ಮಗನ ಕಾಲು ಹಿಡಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಇನ್ನು ನೋಡುವುದೂ ಬೇಡ. ಸಾಕೇತ ಬೆಚ್ಚಿ ಹಿಂದಕ್ಕೆ ಸರಿದ. ಎಣ್ಣೆಯ ಬಾಣಲೆ ಕಾಲಿಗೆ ತಾಗಿ ಮಗುಚಿ ನೆಲದ ಮೇಲೆಲ್ಲ ಕಪ್ಪಗೆ ಹರಿಯಿತು. ಅದರಲ್ಲೇ ಮೊಣಕಾಲೂರಿ ಅವನು ಅಪ್ಪನನ್ನು ತಬ್ಬಿಕೊಂಡ. ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ಸೇರಿ ನೆಲ ತೊಳೆದರು. ಸಾಕೇತ ಹೋಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಹೊರಡುವ ದಿನ ಹರಿ ಕಂಡದ್ದು ಬೇರೆ ಅಪ್ಪನನ್ನು. ಅಂಗಳದಲ್ಲಿ ನೆಟ್ಟಗೆ ನಿಂತು, ಮಗನ ಭುಜ ತಟ್ಟಿ, ಹೋಗಿ ಬಾ ಎಂದ ಅಪ್ಪನನ್ನು. ಹೋಗುವವನ ಕಾಲು ನಡುಗಬಾರದು ಎಂದು ಹಾಗೆ ನಿಂತಿದ್ದರು. ಮನೆಯೊಳಗೆ ಬಂದವರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಕೂತರು.

೨೦೦೫ರ ಆಗಸ್ಟಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಸಮವಸ್ತ್ರದ ಇಬ್ಬರು ಬಂದರು. ನಿನ್ನ ಮಾವ ಮುಂದಿನ ಅಂಗಳದಲ್ಲಿ ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. ಕಾರು ನಿಂತದ್ದನ್ನೂ ಆ ಇಬ್ಬರು ಇಳಿದದ್ದನ್ನೂ ಕಂಡರು. ಆದರೂ ದಾರ ಸುತ್ತುತ್ತಲೇ ಇದ್ದರು. ಬಂದವರು ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ತಿರುಗುವವರೆಗೆ ಏನೂ ಆಗಿಲ್ಲ ಎಂದುಕೊಂಡಿದ್ದಿರಬೇಕು. ಬಾಗಿಲು ತೆಗೆದವಳು ನಾನು. ಒಳಗೆ ಬನ್ನಿ, ಕಾಫಿ ಮಾಡುತ್ತೇನೆ ಎಂದು ಅವರಿಗೆ ಹೇಳಿದೆ. ಅವರಲ್ಲಿ ಚಿಕ್ಕವನು ಅಳುತ್ತಿದ್ದ.

ಹರಿ ಸಂಜೆ ಈಜು ಮುಗಿಸಿ ಒದ್ದೆ ತಲೆಯಲ್ಲಿ ಬಂದ. ಮನೆ ತುಂಬ ಜನ. ರಾಚಯ್ಯನವರು ಅವನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವನು ನೇರ ಅಪ್ಪನ ಮುಂದೆ ಹೋಗಿ ನಿಂತ. ಎಲ್ಲರ ಮನೆಯಿಂದ ಒಬ್ಬರು ಹೋಗಬೇಕು ಅಂತಿದ್ದೆಯಲ್ಲ, ಈಗ ಸಮಾಧಾನವಾಯಿತಾ ಎಂದು ಇಂಗ್ಲಿಷಿನಲ್ಲಿ ಕೂಗಿದ. ನಾನು ಬಾಯಿ ತೆರೆದೆ. ಇವರು ನನ್ನ ಕೈ ಅದುಮಿದರು, ಬಳೆ ಒಡೆದುಹೋಯಿತು.

ಅಸ್ಥಿಯನ್ನು ಡೆಟ್ರಾಯಿಟ್ ನದಿಗೆ ಬಿಟ್ಟು ಬಂದ ದಿನ ನಾನು ಕೇಳಿದೆ, ಹುಡುಗನಿಗೆ ನಿಜ ಹೇಳೋಣ, ನೀವು ಕಾಲು ಹಿಡಿದದ್ದು ಅವನಿಗೆ ತಿಳಿಯಲಿ ಎಂದು. ಇವರು ನೀರಿನ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ನಾ ಇಷ್ಟು ಬೇಡಿಕೊಂಡರೂ ಅವ ಬಿಟ್ಟು ಹೋದ ಅಂತ ತಿಳಿದ್ರ ಹರಿಗೆ ಅಣ್ಣನ ಮ್ಯಾಲೆ ಸಿಟ್ಟು ಬರ್ತದ. ಸತ್ತವನ ಮ್ಯಾಲೆ ಸಿಟ್ಟು ಬಂದ್ರ ಅದನ್ನ ತಗೊಂಡು ಎಲ್ಲಿ ಹೋಗಬೇಕು ಅವ? ಸಿಟ್ಟು ಮಾಡಲಿಕ್ಕೆ ಅವಗ ಬದುಕಿದವರು ಒಬ್ಬರು ಬೇಕು, ಇಂದೂ. ನಾ ಇದ್ದೀನಲ್ಲ."

ನನ್ನಿಂದ ಮಾತು ತೆಗೆದುಕೊಂಡರು. ನಾನು ಕೊಟ್ಟೆ.

ಅಂದಿನಿಂದ ಅವರು ಯಾರ ಮನೆಯಲ್ಲಿಯೂ ಡ್ರಾಫ್ಟಿನ ಮಾತು ಎತ್ತಲಿಲ್ಲ. ಬೇಕು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹರಿ ಮುಂದಿನ ವರ್ಷ ಶಿಕಾಗೋಗೆ ಓದಲು ಹೋದ, ಅಲ್ಲೇ ಉಳಿದ. ವರ್ಷಕ್ಕೊಮ್ಮೆ ನನಗಾಗಿ ಬರುತ್ತಿದ್ದ. ಅಣ್ಣನ ರೂಮಿನಲ್ಲಿ ಅಣ್ಣನ ಮಂಚದ ಮೇಲೆ ಮಲಗುತ್ತಿದ್ದ. ಅವನ ಮನಸ್ಸಿನಲ್ಲಿ ಸಾಕೇತನ ಮೇಲೆ ಒಂದು ಗೀರೂ ಬೀಳಲಿಲ್ಲ. ನಿನ್ನ ಮಾವ ಬಯಸಿದ್ದು ಅದನ್ನೇ. ನಡುವೆ ಒಬ್ಬಳು ಹೆಂಗಸು ಇಬ್ಬರಿಗೂ ಅನ್ನ ಬಡಿಸುತ್ತಾ ಹೇಗೆ ಕಾಲ ತಳ್ಳಿದಳು ಎಂದು ನಾನು ಬರೆಯುವುದಿಲ್ಲ. ನೀನೀಗ ತಾಯಿ. ಊಹಿಸಬಲ್ಲೆ.

ನೀನು ಕೇಳಿದ್ದಕ್ಕೆ ಇದೇ ಉತ್ತರ. ಹರಿ ಕೇಳಿದ, ಅವರು ಹೌದು ಅಂದರು. ಇಪ್ಪತ್ತು ವರ್ಷದಿಂದ ತಾವೇ ಹೊತ್ತದ್ದನ್ನು ಜನರ ಮುಂದೆಯೂ ಹೊತ್ತರು. ನಿನಗೆ ತಿಳಿದಿರಲಿ ಎಂದು ಬರೆದೆ. ನಿನ್ನ ಮಗನ ಅಜ್ಜನನ್ನು ನೀನಾದರೂ ಸರಿಯಾಗಿ ಅರಿತಿರಬೇಕು. ಹರಿಗೆ ಹೇಳಬೇಡ. ಅದು ನಾನು ಕೊಟ್ಟ ಮಾತು. ಹರಿಯ ಮೇಲೆ ಮುನಿಸಿಕೊಳ್ಳಲೂ ಬೇಡ. ನಾಮಕರಣದ ದಿನ ಅವನು ಮಗುವನ್ನು ಹೇಗೆ ಎದೆಗೆ ಒತ್ತಿಕೊಂಡ ಎಂದು ನಾನು ನೋಡಿದೆ. ಅದು ಭಯ ಕಣೇ. ಗಂಡು ಮಗು ಎಂದು ಡಾಕ್ಟರು ಹೇಳಿದ ದಿನ ನನಗೆ ಫೋನು ಮಾಡಿ, ಅಮ್ಮಾ, ಹೆಣ್ಣಾಗಿದ್ದರೆ ನಿಶ್ಚಿಂತೆಯಾಗಿರುತ್ತಿದ್ದೆ ಎಂದಿದ್ದ. ನಾನು ನಕ್ಕು, ಅವನಿಗೆ ಹದಿನೆಂಟಾಗುವ ಹೊತ್ತಿಗೆ ಲೋಕ ಬದಲಾಗಿರುತ್ತದೆ ಬಿಡು ಎಂದೆ. ಹೇಳಿದವಳಿಗೇ ನಂಬಿಕೆ ಇರಲಿಲ್ಲ.

ಮಗುವಿಗೆ ಎಣ್ಣೆ ಹಚ್ಚುವಾಗ ಬೆನ್ನಿನಿಂದ ಭುಜದ ಕಡೆಗೆ ಹಚ್ಚು. ಅಳುತ್ತಾನೆಂದು ಬಿಡಬೇಡ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮೆಂತ್ಯದ ಹಿಟ್ಟಿನ ಉಂಡೆ ಕಳಿಸುತ್ತಿದ್ದೇನೆ, ರುಚಿ ನೋಡದೆ ನುಂಗಿಬಿಡು.

ನಿನ್ನ ಒಳ್ಳೆಯದನ್ನೇ ಬಯಸುವ,
ಅತ್ತೆ, ಇಂದುಮತಿ

ಮಂಗಳವಾರ, ನವೆಂಬರ್ ೧೧

ತಾ.ಕ.: ಇವತ್ತು ವೆಟರನ್ಸ್ ಡೇ, ಅಂಚೆ ಇಲ್ಲ. ಹಾಗಾಗಿ ಕಾಗದ ಇನ್ನೂ ಮೇಜಿನ ಮೇಲೇ ಇದೆ. ಮತ್ತೊಮ್ಮೆ ಓದಿದೆ. ನೀನು ಕೇಳಿದ್ದಕ್ಕೆ ನಾನು ಅರ್ಧ ಉತ್ತರ ಮಾತ್ರ ಕೊಟ್ಟಿದ್ದೇನೆ. ಉಳಿದರ್ಧ ಬರೆಯಲು ಕೈ ಬರಲಿಲ್ಲ.

ನಾಮಕರಣ ಮುಗಿಸಿ ವಾಪಸು ಬರುವಾಗ ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿದೆವು. ನಾನು ಇವರಿಗೆ, ಇನ್ನು ಸಾಕು, ಎಷ್ಟು ದಿನ ಆ ಸುಳ್ಳು ಹೊರುತ್ತೀರಿ ಎಂದೆ. ಅವರು ನನ್ನನ್ನು ನೋಡಿ, "ಯಾವ ಸುಳ್ಳು?" ಎಂದರು. ತಮಾಷೆ ಅಲ್ಲ, ಮುಚ್ಚಿಡುವುದೂ ಅಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆನ್ ಆರ್ಬರ್‌ನ ಡಾಕ್ಟರಿಗೆ ತೋರಿಸಿ ಬೇಸಿಗೆಯಿಂದ ಔಷಧಿ ನಡೆದಿದೆ. ಮೊದಲು ಬಸುರಿಗೆ, ಆಮೇಲೆ ಬಾಣಂತಿಗೆ ಯಾಕೆ ಎಂದು ನಿಮಗೆ ತಿಳಿಸಲಿಲ್ಲ. ಮರೆವಿನ ಕಾಯಿಲೆ. ಅವರನ್ನು ಒಬ್ಬರನ್ನೇ ಕಳಿಸಲಾಗದೆ ನಾನೂ ಹೊರಟುಬಂದದ್ದು ಅದಕ್ಕೇ. ಹೆಸರು, ದಾರಿ, ಔಷಧಿ ಮರೆಯುತ್ತಾರೆ ಎಂದು ಗೊತ್ತಿತ್ತು. ಇದು ಹೋಗಿದೆ ಎಂದು ಅವತ್ತೇ ತಿಳಿದದ್ದು. ಮಗನಿಗಾಗಿ ಆನ್ ಆರ್ಬರ್‌ನಲ್ಲಿ ಕಾದದ್ದು, ಗರಾಜು, ಕಾಲು ಹಿಡಿದದ್ದು, ಯಾವುದೂ ಉಳಿದಿಲ್ಲ. ಹರಿ ಇಷ್ಟು ವರ್ಷ ಅಂದದ್ದು ಮಾತ್ರ ಉಳಿದಿದೆ. ಮಗನನ್ನು ತಾವೇ ಕಳಿಸಿದ್ದು ಎಂದು ಈಗ ಅವರು ನಂಬಿದ್ದಾರೆ. ಅವತ್ತು ಹೌದು ಅಂದದ್ದು ಹೊರೆ ಹೊರುವುದಕ್ಕಲ್ಲ ಆಶ್ರಿತಾ. ಅವರ ಮಟ್ಟಿಗೆ ಅದೇ ನಿಜ.

ಇವತ್ತು ಬೆಳಿಗ್ಗೆ ಎದುರುಮನೆಯವರು ಬಂದು ಇವರ ಕೈ ಕುಲುಕಿ ವಿಯೆಟ್ನಾಮಿನ ಸೇವೆಗೆ ವಂದನೆ ಹೇಳಿ ಹೋದರು. ಆಮೇಲೆ ಇವರು ನನ್ನನ್ನು ಕೇಳಿದರು, "ನಾ ಒಂದ ಸಲ ಬ್ಯಾಡ ಅಂದಿದ್ರ ಅವ ನಿಲ್ತಿದ್ದ. ಯಾಕ ಅನ್ನಲಿಲ್ಲ ನಾನು?" ಎಂದು. ಅಂದಿರಿ, ಎಷ್ಟೋ ಸಲ ಅಂದಿರಿ, ನಾನು ಬಾಗಿಲಲ್ಲೇ ನಿಂತು ನೋಡಿದ್ದೇನೆ ಎಂದು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ನನ್ನ ತಲೆ ಸವರಿ, "ನನ್ನ ಸಮಾಧಾನಕ್ಕ ಕಥಿ ಕಟ್ಟಬ್ಯಾಡ, ಇಂದೂ," ಎಂದರು. ಪ್ರತಿ ದಿನ ಹೇಳುತ್ತೇನೆ. ಪ್ರತಿ ದಿನ ಅವರು ನನ್ನನ್ನು ಕ್ಷಮಿಸುತ್ತಾರೆ.

ನಾನು ಯಾರಿಗೆ ಮಾತು ಕೊಟ್ಟಿದ್ದೆನೋ ಅವರಿಗೇ ಅದು ನೆನಪಿಲ್ಲ. ಹರಿಗೆ ಹೇಳಬೇಡ ಎಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು. ಹರಿಗೆ ಹೇಳು. ನನ್ನ ಮಾತನ್ನು ಅವರು ನಂಬುವುದಿಲ್ಲ. ಹರಿ ಎದುರಿಗೆ ಕೂತು, ಅಪ್ಪಾ, ನೀನು ಕಳಿಸಲಿಲ್ಲ ಎಂದರೆ ನಂಬಬಹುದು. ಹಿಮ ಬೀಳುವ ಮುಂಚೆ ಬರಲಿ. ಇನ್ನೂ ಅವನ ಗುರುತು ಹಿಡಿಯುತ್ತಾರೆ.